ಇನ್ನೊಂದು ಐತ್ರೀ ಅಕ್ಕೋರ

ಹೋದ ವರ್ಷ ಜೂನ್‌ನಲ್ಲಿ ಮಗಳನ್ನು ಕರೆದುಕೊಂಡು ಊರಿಗೆ ಬಂದಿದ್ದೆ. ನಮ್ಮದು ಗದಗ ಹತ್ತಿರದ ಹಳ್ಳಿ. ಅಕ್ಕ ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಅವಳ ಕೈಕೆಳಗೆ. ಅತ್ತೆಯ ಶಾಲೆ ನೋಡಬೇಕು ಅಂತ ಮಗಳಿಗೆ ಬಹಳ ದಿನದಿಂದ ಆಸೆ. ಒಂದು ದಿನ ಹೋದೆವು. ಅವಳು ಮಕ್ಕಳ ನಡುವೆ ಚಾಪೆಯ ಮೇಲೆ ಕೂತಳು, ನಾನು ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ.

ಹನ್ನೊಂದರ ಸುಮಾರಿಗೆ ಕಂಪೌಂಡಿನ ಬೇವಿನ ಗಿಡದ ಕೆಳಗೆ ಆಡೊಂದು ಒದರತೊಡಗಿತು. ಎರಡು ನಿಮಿಷದಲ್ಲಿ ಕ್ಲಾಸು ಖಾಲಿ. ಯಾರೂ ಕೇಳಲಿಲ್ಲ, ಯಾರೂ ಬಿಡಲಿಲ್ಲ, ಹುಡುಗರು ಹೊರಗಿದ್ದರು ಅಷ್ಟೇ. ನಾವು ಹೋಗುವಷ್ಟರಲ್ಲಿ ಒಂದು ಮರಿ ನೆಲಕ್ಕೆ ಬಿದ್ದಿತ್ತು, ತಾಯಿ ಅದನ್ನು ನೆಕ್ಕುತ್ತಿತ್ತು. ನನ್ನ ಮಗಳು ನನ್ನ ಅಂಗಿ ಗಟ್ಟಿಯಾಗಿ ಹಿಡಿದುಕೊಂಡಳು. ಒಬ್ಬ ಹುಡುಗಿ ಮರಿಯನ್ನು ಎತ್ತಿಕೊಳ್ಳಲು ಬಾಗಿದಳು. ಆಗ ಹಿಂದಿನಿಂದ ಒಬ್ಬ ಹುಡುಗ ಬಂದು ಅವಳ ಕೈ ಹಿಡಿದ. "ಮುಟ್ಟಬ್ಯಾಡ. ಮೊದಲ ಅದು ನೆಕ್ಕಲಿ. ಇಲ್ಲಾಂದ್ರ ಆಮ್ಯಾಲೆ ಮೊಲಿ ಕೊಡೂದಿಲ್ಲ."

ಅಕ್ಕ ಗಡಿಯಾರ ನೋಡಿಕೊಂಡಳು. "ನೋಡಿದ್ರಿಲ್ಲೋ, ಆತು, ನಡೀರಿ ಒಳಗ" ಅಂದಳು.

"ಇನ್ನೊಂದು ಐತ್ರೀ ಅಕ್ಕೋರ" ಅಂದ ಅದೇ ಹುಡುಗ.

"ನಿನಗ ಹೆಂಗ ಗೊತ್ತಲೇ?"

"ಹೊಟ್ಟಿ ಇಳದಿಲ್ರಿ. ಕಸಾನೂ ಬಿದ್ದಿಲ್ಲ." ಕಸ ಅಂದರೆ ಈದ ಮೇಲೆ ಬೀಳುವ ಮಾಸು.

ಹದಿನೈದು ನಿಮಿಷದೊಳಗೆ ಎರಡನೇ ಮರಿ ಬಂತು. ಅಷ್ಟರಲ್ಲಿ ಮೊದಲನೆಯದು ನಾಲ್ಕು ಸಲ ಎದ್ದು ಐದು ಸಲ ಬಿದ್ದು, ಕೊನೆಗೂ ಕಾಲೂರಿ ನಿಂತು, ತಾಯಿಯ ಮುಂಗಾಲ ಹತ್ತಿರ ಮೊಲೆ ಹುಡುಕುತ್ತಿತ್ತು. ಆ ಹುಡುಗ ಏನೂ ದೊಡ್ಡದು ಮಾಡಿದವನ ಹಾಗೆ ಕಾಣಲಿಲ್ಲ. "ದೂರ ಸರೀರಿ, ಅಂಜತೈತಿ" ಅಂತ ಮಿಕ್ಕವರನ್ನು ಹಿಂದಕ್ಕೆ ತಳ್ಳುತ್ತಿದ್ದ. ನನ್ನ ಮಗಳು ಅವನನ್ನೇ ನೋಡುತ್ತಿದ್ದಳು. ಅಮೆರಿಕದಲ್ಲಿ ಅವಳ ಶಾಲೆಗೆ ಮರಿ ಮಾಡಿಸಲು ಮೊಟ್ಟೆಪೆಟ್ಟಿಗೆ ಹೊತ್ತು ಬಂದ ವಿಶ್ವವಿದ್ಯಾಲಯದ ಹೆಂಗಸನ್ನು ಅವಳು ನೋಡಿದ್ದೂ ಹೀಗೇ.

ಆಮೇಲೆ ತಿಳಿಯಿತು. ಅವನು ಮೂರನೇ ಕ್ಲಾಸು. ಸರ್ಕಾರಿ ಶಾಲೆಯ ನಲಿಕಲಿ ಪದ್ಧತಿಯಲ್ಲಿ ಮಕ್ಕಳು ಕಾರ್ಡು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಬೇಕಲ್ಲ, ಅವನು ಕನ್ನಡದಲ್ಲಿ ಇನ್ನೂ ಎರಡನೇ ಕ್ಲಾಸಿನ ಮೆಟ್ಟಿಲಲ್ಲೇ ಇದ್ದಾನೆ. ಅಕ್ಕನ ಮಾತಲ್ಲಿ ಹೇಳಬೇಕೆಂದರೆ "ಸ್ವಲ್ಪ ಹಿಂದ".

ಈಗ ನಮ್ಮ ಕಡೆಯ ಕಥೆ. ನಾನಿರುವುದು ಅಮೆರಿಕದ ಅಯೋವಾದಲ್ಲಿ. ಹನ್ನೊಂದು ವರ್ಷವಾಯಿತು. ಗೋವಿನಜೋಳದ ಸೀಮೆ. ಹಾವೇರಿಯವರು ಬಂದರೆ ಹೊಲ ನೋಡಿ ನಮ್ಮೂರೇ ಅಂದುಕೊಂಡಾರು, ಬದು ಮಾತ್ರ ಕಾಣುವುದಿಲ್ಲ. ಮೊಟ್ಟೆ ಉತ್ಪಾದನೆಯಲ್ಲಿ ಈ ರಾಜ್ಯ ಆ ದೇಶದ ಮುಂಚೂಣಿಯಲ್ಲಿದೆ. ಹಂದಿಗಳಂತೂ ಜನಸಂಖ್ಯೆಯ ಏಳು ಪಟ್ಟು. ಆದರೆ ನನ್ನ ಮಗಳು ಎಂಟು ವರ್ಷದಲ್ಲಿ ರಸ್ತೆಯ ಮೇಲೆ ಒಂದು ಹಂದಿಯನ್ನೂ ಕಂಡಿಲ್ಲ. ಎಲ್ಲವೂ ಉದ್ದುದ್ದ ಶೆಡ್ಡುಗಳ ಒಳಗೆ. ಗಾಳಿ ಇತ್ತ ಬೀಸಿದ ದಿನ ವಾಸನೆ ಬರುತ್ತದೆ, ಅಷ್ಟೇ ಪರಿಚಯ. ಇಷ್ಟು ಕೋಳಿಯಿರುವ ನಾಡಿನ ಮಕ್ಕಳಿಗೆ ಕೋಳಿಮರಿ ತೋರಿಸಲು ಶಾಲೆಗೆ ಪೆಟ್ಟಿಗೆ ತರಬೇಕು.

ತರುತ್ತಾರೆ, ಬಹಳ ಚೆಂದ ತರುತ್ತಾರೆ. ಅದನ್ನು ಹೊಗಳದೆ ಇರಲಾರೆ. ಅಲ್ಲಿ ಫೋರ್-ಎಚ್ ಅಂತ ಮಕ್ಕಳ ಸಂಘಟನೆ ಇದೆ. 1902ರಲ್ಲಿ ಒಹಾಯೋದಲ್ಲಿ ಹಳ್ಳಿ ಮಕ್ಕಳ ಕ್ಲಬ್ಬಾಗಿ ಶುರುವಾದದ್ದು. 1914ರಲ್ಲಿ ಒಂದು ಕಾನೂನು ಬಂದು, ಕೃಷಿ ವಿಶ್ವವಿದ್ಯಾಲಯಗಳು ತಮ್ಮ ತಿಳಿವಳಿಕೆಯನ್ನು ಊರೂರಿಗೆ ಮುಟ್ಟಿಸುವ ವಿಸ್ತರಣಾ ಪದ್ಧತಿ ಗಟ್ಟಿಯಾಯಿತು. ಫೋರ್-ಎಚ್ ಅದರೊಳಗೆ ಸೇರಿತು. ವಸಂತ ಬಂತೆಂದರೆ ಶಾಲೆಗೆ ಇನ್‌ಕ್ಯುಬೇಟರ್ ಬರುತ್ತದೆ, ಜೊತೆಗೆ ಒಂದು ಡಜನ್ ಕಾವಿನ ಮೊಟ್ಟೆ. ಮಗಳ ಎರಡನೇ ಕ್ಲಾಸಿಗೂ ಬಂತು.

ಮೊದಲು ಮನೆಗೆ ಪತ್ರ. ಮಗುವಿಗೆ ಅಲರ್ಜಿ ಇದೆಯೇ, ಮರಿ ಮುಟ್ಟಲು ನಿಮ್ಮ ಒಪ್ಪಿಗೆ ಇದೆಯೇ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಸುತ್ತೇವೆ, ಮರಿಗೆ ಮುತ್ತು ಕೊಡಲು ಬಿಡುವುದಿಲ್ಲ. ನಾನು ನಕ್ಕೆ. ಆಮೇಲೆ ನಗು ನಿಂತಿತು. ನೋಡಲು ಗಟ್ಟಿಯಾಗಿರುವ ಕೋಳಿಮರಿಯಲ್ಲೂ ಸಾಲ್ಮೊನೆಲ್ಲಾ ಅನ್ನುವ ಹೊಟ್ಟೆ ಕೆಡಿಸುವ ರೋಗಾಣು ಇರಬಹುದು. ಐದು ವರ್ಷದೊಳಗಿನ ಮಕ್ಕಳು ಕೋಳಿಮರಿ, ಬಾತುಮರಿ ಹಿಡಿಯಲೇಬಾರದು ಅಂತ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆ ಮಾರುವುದನ್ನು 1975ರಲ್ಲೇ ನಿಲ್ಲಿಸಿದರು. ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ ಅಂತ.

ಗೋಡೆಯ ಮೇಲೆ 21 ಚೌಕದ ಕ್ಯಾಲೆಂಡರ್. ಸುಮಾರು 37.5 ಡಿಗ್ರಿ ಶಾಖ. ಕೂಸು ಒಂದೇ ಕಡೆ ಅಂಟಿಕೊಳ್ಳದ ಹಾಗೆ ದಿನಕ್ಕೆ ಮೂರು ಸಲವಾದರೂ ಮೊಟ್ಟೆ ಹೊರಳಿಸಬೇಕು. 18ನೇ ದಿನದಿಂದ ಮುಟ್ಟುವ ಹಾಗಿಲ್ಲ. ಏಳನೇ ದಿನ ದೀಪ ಆರಿಸಿ ಪ್ರತಿ ಮೊಟ್ಟೆಗೂ ಟಾರ್ಚ್ ಹಿಡಿದರು. ಹತ್ತರಲ್ಲಿ ಜೇಡರಬಲೆಯ ಹಾಗೆ ರಕ್ತನಾಳ ಕಂಡವು, ಎರಡು ಬರೀ ಹಳದಿ. ಆ ಎರಡನ್ನು ತೆಗೆದಿಟ್ಟರು. ಇಪ್ಪತ್ತೊಂದನೇ ದಿನ ಏಳು ಮರಿ ಹೊರಬಂದವು, ಮೂರು ಬರಲಿಲ್ಲ. ಚಿಪ್ಪು ಒಡೆಯಲು ಒದ್ದಾಡುತ್ತಿದ್ದ ಮರಿಯೊಂದಕ್ಕೆ ಸಹಾಯ ಮಾಡೋಣ ಅಂತ ಮಕ್ಕಳು ಗೋಗರೆದರೂ ಟೀಚರ್ ಬಿಡಲಿಲ್ಲ. ಚಿಪ್ಪಿನ ಒಳಪೊರೆಯಲ್ಲಿ ಇನ್ನೂ ರಕ್ತ ಹರಿಯುತ್ತಿರುತ್ತದೆ, ನಾವು ಕಿತ್ತರೆ ಅದು ಸಾಯಬಹುದು ಅಂತ ಹೇಳಿ ಮಕ್ಕಳ ಕೈಯನ್ನು ಬೆನ್ನ ಹಿಂದೆ ಕಟ್ಟಿಸಿ ನಿಲ್ಲಿಸಿದರು. ಮೊದಲ ಬಿರುಕಿನಿಂದ ಮರಿ ಹೊರಬರುವ ತನಕ ಹೆಚ್ಚು ಕಡಿಮೆ ಒಂದು ದಿನ ಹಿಡಿಯಿತು. ಅವತ್ತು ಗಣಿತವೂ ಇಲ್ಲ, ಓದೂ ಇಲ್ಲ. ಎಲ್ಲದರ ಬದಲು ಅದೇ.

ಆ ಏಳರಲ್ಲಿ ಒಂದಕ್ಕೆ ನಿಲ್ಲಲಾಗಲಿಲ್ಲ. ಎರಡನೇ ದಿನ ಸತ್ತಿತು. ಟೀಚರ್ ಮುಚ್ಚಿಡಲಿಲ್ಲ. ಮಕ್ಕಳನ್ನು ಸುತ್ತ ಕೂರಿಸಿಕೊಂಡು ಹೇಳಿದರು, ಯಾರಿಗೆ ಅಳು ಬರುತ್ತದೋ ಅವರು ಅಳಬಹುದು ಅಂದರು. ಮಗಳು ತನ್ನ ನೋಟ್‌ಬುಕ್ಕಿನಲ್ಲಿ ಏಳು ಅಂತ ಬರೆದದ್ದನ್ನು ಹೊಡೆದು ಆರು ಅಂತ ಬರೆದಿದ್ದಳು. ಪಕ್ಕದಲ್ಲಿ ಕಾರಣ ಬರೆಯಲು ಒಂದು ಖಾಲಿ ಗೆರೆ. ಎರಡನೇ ಕ್ಲಾಸಿನ ಮಗು ಹೀಗೆ ಬರೆದಿಡುವುದನ್ನು ಕಲಿತರೆ ವಿಜ್ಞಾನದಲ್ಲಿ ಇನ್ನೇನು ಬೇಕು?

ಐದನೇ ದಿನ ಮರಿಗಳು "ಫಾರ್ಮಿಗೆ" ವಾಪಸ್ ಹೋದವು. ಪಾಠ ಮುಗಿಯಿತು.

ರಾತ್ರಿ ಊಟದ ಹೊತ್ತಿಗೆ ಮಗಳು ಕೇಳಿದಳು. "ಆರರಲ್ಲಿ ಗಂಡು ಎಷ್ಟು? ಗಂಡು ಮೊಟ್ಟೆ ಇಡೋದಿಲ್ಲ. ಅವನ್ನು ಫಾರ್ಮಿನಲ್ಲಿ ಏನು ಮಾಡ್ತಾರೆ?" ಕ್ಲಾಸಲ್ಲೂ ಕೇಳಿದ್ದಳಂತೆ. "ದೊಡ್ಡ ಅಂಗಳದಲ್ಲಿ ಆಡಿಕೊಂಡಿರುತ್ತವೆ" ಅಂತ ಉತ್ತರ ಬಂದಿತ್ತು. ನಾನೂ ಅದನ್ನೇ ಇನ್ನೊಂದು ರೀತಿಯಲ್ಲಿ ಹೇಳಿ ಅನ್ನ ಕಲಸಿಕೊಟ್ಟೆ. ಮೊಟ್ಟೆ ತಳಿಯ ಗಂಡು ಮರಿಗಳನ್ನು ಹ್ಯಾಚರಿಗಳಲ್ಲಿ ಹುಟ್ಟಿದ ದಿನವೇ ಕೊಲ್ಲುತ್ತಾರೆ ಅಂತ ಎಂಟು ವರ್ಷದವಳಿಗೆ ಹೇಳುವ ಧೈರ್ಯ ನನಗಿರಲಿಲ್ಲ. ನಮ್ಮ ಸಂತೆಗಳಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಕ್ಕಳಿಗೆ ಮಾರುವ ಮರಿಗಳೂ ಬಹುಪಾಲು ಅಲ್ಲಿಂದಲೇ ಬಂದ ಗಂಡುಗಳು. ಚಿಕ್ಕವನಿದ್ದಾಗ ನಾನೂ ಒಂದು ಕೊಂಡಿದ್ದೆ. ಮೂರು ದಿನ ಇತ್ತು. ಯಾಕೆ ಸತ್ತಿತು ಅಂತ ಮನೆಯಲ್ಲಿ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎರಡೂ ಕಡೆ ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟು. ಅಲ್ಲಿನ ಶಾಲೆಗೆ ಮರಿಯನ್ನು ಪಾಠ ಮಾಡುವುದು ಗೊತ್ತು. ಆದರೆ ಮರಿ ಮುದ್ದಾಗಿರುವ ತನಕ ಮಾತ್ರ. ಪೆಟ್ಟಿಗೆ ಹೊರಗೆ ಹೋದ ಕೂಡಲೇ ಪರದೆ ಎಳೆಯುತ್ತಾರೆ. ನಮ್ಮ ಕಡೆ ಪರದೆಯೇ ಇಲ್ಲ. ಹುಟ್ಟುವುದು, ಬೆಳೆಯುವುದು, ಸಂತೆಗೆ ಹೋಗುವುದು, ಸಾಯುವುದು ಎಲ್ಲ ಮಕ್ಕಳ ಕಣ್ಣ ಮುಂದೆಯೇ. ಆ ಹುಡುಗನನ್ನು ಗಂಡು ಮರಿ ಏನಾಗುತ್ತದೆ ಅಂತ ಕೇಳಿದರೆ ಕಣ್ಣು ಪಿಳುಕಿಸದೆ "ಹಬ್ಬಕ್ಕ ಮಾರತಾರ್ರಿ" ಅನ್ನುತ್ತಾನೆ. ಹೀಗೆ ಎಲ್ಲವನ್ನೂ ಕಂಡ ಹುಡುಗನನ್ನು ಶಾಲೆಯ ಒಳಗೆ ಕರೆದು ನಾವು ಕೇಳುವುದೇನು? ಹೊಂದಿಸಿ ಬರೆಯಿರಿ. ಹಸು, ನಾಯಿ, ಕೋಳಿ ಒಂದು ಕಡೆ, ಅವುಗಳ ಮರಿಗಳು ಇನ್ನೊಂದು ಕಡೆ. ಅವನ ಮನೆಯಲ್ಲಿ ಹಸು ಅನ್ನುವುದಿಲ್ಲ, ಆಕಳ ಅನ್ನುತ್ತಾರೆ. ಮೊಟ್ಟೆ ಅನ್ನುವುದಿಲ್ಲ, ತತ್ತಿ. ಕರು ಅಂದರೆ ಅವನಿಗೆ ಒಂದೇ ಅಲ್ಲ. ಹೋರಿಗರ ಬೇರೆ, ಮಣಕ ಬೇರೆ. ಗಬ್ಬ ನಿಂತದ್ದು ಯಾವಾಗ, ಈಯುವುದು ಯಾವಾಗ ಅಂತ ತಿಂಗಳು ಎಣಿಸುತ್ತಾನೆ. ಆಡಿಗೆ ಐದು ತಿಂಗಳು, ಎಮ್ಮೆಗೆ ಹತ್ತು ತಿಂಗಳ ಮೇಲೆ. ಆದರೆ ಗೆರೆ ಎಳೆದು ಹೊಂದಿಸುವುದರಲ್ಲಿ ತಪ್ಪುತ್ತಾನೆ. ಹಿಂದ ಬಿದ್ದ ಅನ್ನುತ್ತೇವೆ.

ಅವನಿಗೆ ಗೊತ್ತಿರುವುದನ್ನು ಗೊತ್ತಿರುವುದು ಅಂತ ಶಾಲೆ ಲೆಕ್ಕಕ್ಕೆ ಹಿಡಿಯಬೇಕು. ನನ್ನ ಮಾತು ಇದಿಷ್ಟೇ.

ಇದನ್ನು ಅವತ್ತು ಸಂಜೆ ರೊಟ್ಟಿ ತಿನ್ನುತ್ತಾ ಅಕ್ಕನ ಮುಂದೆ ಹೇಳಿದೆ. ಸ್ವಲ್ಪ ಭಾಷಣದ ಹಾಗೆ ಹೇಳಿದೆ ಅಂತ ಕಾಣುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೊದಲ ಸೂತ್ರವೇ ಶಾಲೆಯ ಕಲಿಕೆಗೂ ಹೊರಗಿನ ಬದುಕಿಗೂ ನಂಟಿರಬೇಕು ಅಂತ ಇದೆಯಲ್ಲ ಅಂತಲೂ ಸೇರಿಸಿದೆ.

ಅವಳು ಇನ್ನೊಂದು ರೊಟ್ಟಿ ತಟ್ಟುತ್ತಾ ಹೇಳಿದಳು. "ಕಾಗದದಾಗ ಎಲ್ಲಾ ಐತಿ ತಮ್ಮಾ. ಅಲ್ಲೆ ನಿನ್ನ ಮಗಳ ಕ್ಲಾಸಿನ್ಯಾಗ ಹುಡುಗೂರು ಎಷ್ಟು?"

"ಇಪ್ಪತ್ತೊಂದು."

"ಟೀಚರ್ ಎಷ್ಟು?"

ಒಬ್ಬರು, ಜೊತೆಗೆ ಸಹಾಯಕಿ ಒಬ್ಬಳು ಅಂದೆ. ಅವಳು ಏನೂ ಹೇಳಲಿಲ್ಲ. ಅವಳ ಕೋಣೆಯಲ್ಲಿ ಮೂರು ಕ್ಲಾಸಿನ ಮೂವತ್ತೆಂಟು ಮಕ್ಕಳು. ಅದರ ಮೇಲೆ ಬಿಸಿಯೂಟದ ಲೆಕ್ಕ, ಹಾಲು ಕಲಸಿ ಕೊಡುವುದು, ಮೊಬೈಲಿನಲ್ಲಿ ಹಾಜರಿ, ಅವತ್ತೇ ಬರುತ್ತೇನೆ ಅಂದಿದ್ದ ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯವರು. ಆಡು ಈಯುವಾಗ ಅವಳು ಗಡಿಯಾರ ನೋಡಿದ್ದು ಅದಕ್ಕೆ.

"ಇನ್ನೊಂದು ಮಾತು" ಅಂದಳು. "ಆ ಹುಡುಗ ವಾರದಾಗ ಎರಡು ದಿನ ಸಾಲಿಗೆ ಬರೂದಿಲ್ಲ. ಆಡು ಕಾಯಾಕ ಹೋಗತಾನ. ಅದಕ್ಕ ಅಂವಗ ಅಷ್ಟ ಗೊತ್ತೈತಿ. ಇದ ದೊಡ್ಡ ವಿದ್ಯಾ ಅಂತ ನಾನು ಎಲ್ಲಾರ ಮುಂದ ಹೊಗಳಿದೆ ಅಂದ್ರ, ಅವರಪ್ಪ ಮೂರನೇ ದಿನಾನೂ ಕಳಸ್ತಾನ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ದೂರದಲ್ಲಿ ಕೂತವರಿಗೆ ಊರಿನದೆಲ್ಲ ಚೆಂದ ಕಾಣುವ ರೋಗ ಇರುತ್ತದೆ, ನನಗೂ ಇದೆ. ಆಡು ಕಾಯುವ ಹುಡುಗ ನನಗೆ ಪಂಡಿತನ ಹಾಗೆ ಕಂಡ. ಅಕ್ಕನಿಗೆ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದಿನ ಖಾಲಿ ಮನೆಗಳು ಕಂಡವು. ಇಬ್ಬರೂ ಕಂಡದ್ದು ಒಬ್ಬನನ್ನೇ. ಆದರೂ ಒಂದು ಮಾತನ್ನು ನಾನು ಬಿಡಲಿಲ್ಲ. ಅವನು ವಾರಕ್ಕೆ ನಾಲ್ಕು ದಿನವಾದರೂ ಬರುತ್ತಾನಲ್ಲ, ಆ ನಾಲ್ಕು ದಿನ ತನಗೆ ಏನೂ ಬರುವುದಿಲ್ಲ ಅಂತಲೇ ಕೇಳಿಸಿಕೊಂಡು ಹೋದರೆ ಐದನೇ ದಿನ ಯಾಕೆ ಬರಬೇಕು? ಅಕ್ಕ ಸುಮ್ನೆ ಇದ್ದಳು. ಅವಳು ಸುಮ್ನಿದ್ದರೆ ಒಪ್ಪಿದಳು ಅಂತ ಅಲ್ಲ, ಯೋಚನೆ ಮಾಡುತ್ತಿದ್ದಾಳೆ ಅಂತ.

ಮರುದಿನ ಅವಳು ಮಾಡಿದ್ದನ್ನು ನಾನು ಕಣ್ಣಾರೆ ನೋಡಲಿಲ್ಲ, ಮಗಳು ಬಂದು ಹೇಳಿದಳು. ಅಕ್ಕ ಆ ಹುಡುಗನನ್ನು ನಿಲ್ಲಿಸಿ, ಎಮ್ಮೆ ಈದ ದಿನ ಮನೆಯಲ್ಲಿ ಏನೇನು ಮಾಡುತ್ತಾರೆ ಹೇಳು ಅಂದಳಂತೆ. ಅವನು ಹೇಳುತ್ತಾ ಹೋದಂತೆ ಉಳಿದವರೂ ಸೇರಿಕೊಂಡರಂತೆ. ಕೊನೆಗೆ ಮಾತು ಗಿಣ್ಣಕ್ಕೆ ಬಂತು. ಗಿಣ್ಣ ಅಂದರೆ ಯಾವ ಮಗು ಸುಮ್ನಿರುತ್ತದೆ? ಬೆಲ್ಲ, ಏಲಕ್ಕಿ ಹಾಕಿ ಕಾಸಿ, ಓಣಿಗೆಲ್ಲ ಬಟ್ಟಲು ಕಳಿಸುವ ನಮ್ಮ ಪದ್ಧತಿ. ಅಲ್ಲಿ ಒಬ್ಬಳು "ಕಸ ಬೀಳೂತನಕ ಕರಕ್ಕ ಹಾಲು ಬಿಡೂದಿಲ್ರಿ ನಮ್ಮನ್ಯಾಗ" ಅಂದಳಂತೆ.

ಅಲ್ಲೇ ಇದೆ ನೋಡಿ ಪಾಠ. ಮನುಷ್ಯರ ಕೂಸಿಗೆ ರೋಗ ತಡೆಯುವ ಶಕ್ತಿ ಹೊಟ್ಟೆಯಲ್ಲಿದ್ದಾಗಲೇ ತಾಯಿಯಿಂದ ಒಂದಿಷ್ಟು ಸಿಕ್ಕಿರುತ್ತದೆ. ಕರುವಿಗೆ ಸಿಕ್ಕಿರುವುದಿಲ್ಲ. ಅದಕ್ಕೆ ಅದು ಗಿಣ್ಣದ ಹಾಲಿನಿಂದಲೇ ಬರಬೇಕು. ಅದನ್ನು ಇದ್ದ ಹಾಗೇ ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಇರುವುದು ಮೊದಲ 24 ಗಂಟೆ ಮಾತ್ರ. ಗಂಟೆ ಗಂಟೆಗೂ ಅದು ಕಡಿಮೆಯಾಗುತ್ತಾ ಹೋಗುತ್ತದೆ. ಕಸ ಬೀಳಲು ಎಷ್ಟೋ ಸಲ ಅರ್ಧ ದಿನ ಹಿಡಿಯುತ್ತದೆ. ಅಲ್ಲಿಯ ತನಕ ಕರುವನ್ನು ದೂರ ಕಟ್ಟಿದರೆ ಒಳ್ಳೆಯ ಹೊತ್ತೆಲ್ಲ ಹೋಯಿತು. ಮೊದಲ ದಿನ ಕರುವಿಗೆ ಅದರ ತೂಕದ ಹತ್ತನೇ ಒಂದು ಪಾಲು ಗಿಣ್ಣ ಸಿಗಬೇಕು. ಕರು 30 ಕೆಜಿ ಇದ್ದರೆ ಎಷ್ಟು ಲೀಟರ್? ಮೂರನೇ ಕ್ಲಾಸಿನ ಲೆಕ್ಕವೇ ಅಲ್ವಾ? ಉಳಿದದ್ದರಲ್ಲಿ ಓಣಿಗೆ ಎಷ್ಟು ಬಟ್ಟಲು ಅಂತ ಇನ್ನೊಂದು ಲೆಕ್ಕ. ಆ ಹುಡುಗಿ ಇದನ್ನು ಮನೆಗೆ ಒಯ್ದು ಅಜ್ಜಿಯ ಹತ್ತಿರ ವಾದ ಮಾಡುತ್ತಾಳೆ. ಅಜ್ಜಿ ಸೋಲುವುದಿಲ್ಲ, ಅದು ಬೇರೆ. ಆದರೂ ಮುಂದಿನ ಕರು ಬಂದಾಗ ಒಂದು ಮಾತು ನೆನಪಾದೀತು.

ನಮ್ಮ ಸೀಮೆಯ ಧಾರವಾಡಿ ಎಮ್ಮೆಗೆ ಕುಡುಗೋಲಿನ ಹಾಗೆ ಬಾಗಿದ ಕೊಂಬು. ಬೇರೆಯೇ ತಳಿ ಅಂತ ಅದು ರಾಷ್ಟ್ರೀಯ ಪಟ್ಟಿಗೆ ಸೇರಿದ್ದು 2021ರಲ್ಲಿ. ಪೇಢಾ ಅಂದರೆ ಧಾರವಾಡ ಅನ್ನುವುದು ಎಲ್ಲರಿಗೂ ಗೊತ್ತು. ಅದರ ಹಿಂದಿರುವ ಎಮ್ಮೆ, ಆ ಎಮ್ಮೆಯ ಕರು ಯಾರ ನೆನಪಿಗೂ ಬರುವುದಿಲ್ಲ. ಕೃಷಿ ವಿಶ್ವವಿದ್ಯಾಲಯ ಧಾರವಾಡದಲ್ಲಿ 1986ರಿಂದ ಇದೆ. ಗದಗಿನವರಿಗೆ ಹುಲಕೋಟಿಯಲ್ಲಿ, ಹಾವೇರಿಯವರಿಗೆ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಅಲ್ಲಿಂದ ಒಬ್ಬರು ವರ್ಷಕ್ಕೊಂದು ಸಲ ಇಂಥ ಶಾಲೆಗೆ ಬಂದು ಅರ್ಧ ದಿನ ಕೂತರೆ ಆ ಹುಡುಗನಿಗೂ ಅವರಿಗೂ ಮಾತಾಡಲು ಬೇಕಾದಷ್ಟಿದೆ. ಅಯೋವಾದಿಂದ ನಾವು ತರಬೇಕಾದದ್ದು ಏನಾದರೂ ಇದ್ದರೆ ಆ ರೂಢಿ.

ಹಾಗಂತ ಸಿಕ್ಕ ಮರಿಯನ್ನೆಲ್ಲ ಕ್ಲಾಸಿಗೆ ತರಬೇಕು ಅಂತಲ್ಲ. ಈ ವಿಷಯದಲ್ಲಿ ಆ ದೇಶದ ಭಯವೇ ಒಳ್ಳೆಯದು ಅನ್ನಿಸುತ್ತದೆ. ಹೊಲದಲ್ಲಿ ಚಿಗರಿ, ಅಂದರೆ ಕೃಷ್ಣಮೃಗದ, ಮರಿ ಒಂಟಿಯಾಗಿ ಮಲಗಿರುತ್ತದೆ, ರಾಣೆಬೆನ್ನೂರು ಕಡೆ, ರೋಣ, ನವಲಗುಂದದ ಎರೆ ಹೊಲಗಳಲ್ಲಿ. ತಾಯಿ ಬಿಟ್ಟು ಹೋಗಿದೆ ಅಂತ ಕನಿಕರ ಬಂದು ಎತ್ತಿಕೊಂಡು ಬರುತ್ತಾರೆ. ಬಿಟ್ಟು ಹೋಗಿರುವುದಿಲ್ಲ. ಹುಟ್ಟಿದ ಮೊದಲ ಕೆಲವು ದಿನ ಮರಿಯನ್ನು ಹುಲ್ಲಲ್ಲಿ ಅಡಗಿಸಿ ತಾಯಿ ದೂರ ಮೇಯುತ್ತಿರುತ್ತದೆ, ಹಾಲು ಕುಡಿಸಲು ಮಾತ್ರ ಬರುತ್ತದೆ. ಎತ್ತಿ ತಂದರೆ ಅದು ಅನಾಥ ಆಗುವುದು ನಮ್ಮಿಂದ. ಕಾನೂನಿನ ಪ್ರಕಾರ ಅಪರಾಧ ಕೂಡ. ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸಿಗೆ ಚಿಗರಿ ಅಂತ ಹೆಸರಿಟ್ಟಿದ್ದೇವೆ. ಬಸ್ಸು ಹತ್ತುವ ಮಕ್ಕಳಿಗೆ ಇಷ್ಟಾದರೂ ಗೊತ್ತಿರಲಿ.

ಮರಿ ಕಾಣದೇ ಇರುವುದನ್ನೂ ಪಾಠ ಮಾಡಬಹುದು. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಬರುತ್ತವೆ. ಒಂದೂ ಗೂಡು ಕಟ್ಟುವುದಿಲ್ಲ, ತತ್ತಿ ಇಡುವುದಿಲ್ಲ. ಯಾಕೆ ಅಂತ ಮಕ್ಕಳನ್ನು ಕೇಳಿ ಬಿಟ್ಟುಬಿಡಬೇಕು. ಅವು ಮರಿ ಮಾಡುವುದು ಟಿಬೆಟ್, ಮಂಗೋಲಿಯಾ ಕಡೆಯ ಕೆರೆಗಳಲ್ಲಿ. ನಮ್ಮಲ್ಲಿಗೆ ಬರುವಾಗ ಮರಿಗಳು ಹಾರಿಕೊಂಡೇ ಬಂದಿರುತ್ತವೆ. ತಲೆಯ ಮೇಲೆ ಇನ್ನೂ ಕಪ್ಪು ಪಟ್ಟೆ ಮೂಡಿರದ ಹಕ್ಕಿ ಕಂಡರೆ ಅದು ಆ ವರ್ಷದ್ದು.

ನಾಯಿಕುನ್ನಿಯ ವಿಷಯ ಮಾತ್ರ ಹಗುರ ಅಲ್ಲ. ಮಳೆಗಾಲ ಮುಗಿದ ಮೇಲೆ ನಮ್ಮ ಕಡೆ ಯಾವ ಶಾಲೆಯ ಕಂಪೌಂಡಿಗೆ ಹೋದರೂ ಮೆಟ್ಟಿಲ ಕೆಳಗೆ ನಾಲ್ಕಾರು ಕುನ್ನಿ ಇರುತ್ತವೆ. ಮಕ್ಕಳು ಬಿಸಿಯೂಟದ ಅನ್ನ ಹಾಕಿ, ಹೆಸರಿಟ್ಟು, ಚೀಲದೊಳಗೆ ಕೂರಿಸಿಕೊಂಡು ತಿರುಗುತ್ತಾರೆ. ನಾನೂ ತಿರುಗಿದ್ದೇನೆ. ಕುನ್ನಿ ಹಲ್ಲು ತಾಗಿಸಿದರೆ ಮನೆಯಲ್ಲಿ ಹೇಳುತ್ತಿರಲಿಲ್ಲ, ಬೈಗುಳ ಬೀಳುತ್ತದೆ ಅಂತ. ಕುನ್ನಿ ಸಣ್ಣದು, ಹಲ್ಲು ಸಣ್ಣದು, ಏನಾಗುತ್ತದೆ ಅನ್ನುವ ಧೈರ್ಯ. ಕುನ್ನಿಗೂ ರೇಬೀಸ್ ಬರುತ್ತದೆ. ಅದಕ್ಕೆ ಲಸಿಕೆ ಹಾಕಿಸುವುದೇ ಮೂರು ತಿಂಗಳಾದ ಮೇಲೆ. ಅದಕ್ಕಿಂತ ಮುಂಚೆಯೇ ಮಕ್ಕಳ ಕೈಯಲ್ಲಿ ಇರುತ್ತದೆ. ಪರಚಿದರೂ ಕಚ್ಚಿದರೂ ಆ ಜಾಗವನ್ನು ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದಪುಡಿ ಹಾಕುವ ಹಾಗಿಲ್ಲ. ಅವತ್ತೇ ದವಾಖಾನೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಬೇಕು. ರೋಗದ ಲಕ್ಷಣ ಶುರುವಾದ ಮೇಲೆ ಹೆಚ್ಚು ಕಡಿಮೆ ಯಾರೂ ಬದುಕುವುದಿಲ್ಲ. ಇದನ್ನು ಗೋಡೆಯ ಮೇಲೆ ಬರೆಯುವುದಕ್ಕಿಂತ ಕುನ್ನಿಯನ್ನು ಎದುರಿಗೆ ಇಟ್ಟುಕೊಂಡು ಹೇಳಬೇಕು. ಅದಕ್ಕಿಂತ ಮೊದಲು, ಹೇಳಿದರೆ ಬೈಯುವುದಿಲ್ಲ ಅಂತ ಮಗುವಿಗೆ ಮಾತು ಕೊಡಬೇಕು. ನಿಜ ಹೇಳಿದರೆ ಏಟು ಬೀಳುತ್ತದೆ ಅಂತ ಕಲಿತ ಮಗು ಗಾಯವನ್ನೂ ಮುಚ್ಚಿಡುತ್ತದೆ.

ಅಯೋವಾಗೆ ವಾಪಸ್ ಬಂದ ಮೇಲೆ ಅಕ್ಕನಿಗೆ ಫೋನ್ ಮಾಡಿ, ಶಾಲೆಗೆ ಒಂದು ಇನ್‌ಕ್ಯುಬೇಟರ್ ಕಳಿಸುತ್ತೇನೆ ಅಂದೆ. ಹುಬ್ಬಳ್ಳಿಯಲ್ಲೇ ಸಿಗುತ್ತದೆ, ಹಣ ಹಾಕುತ್ತೇನೆ, ನೀನು ತರಿಸಿಕೋ ಅಂತ. ಅವಳು ಜೋರಾಗಿ ನಕ್ಕಳು. "ನಮ್ಮೂರಾಗ ಕೋಳಿಗೆ ಬರ ಬಂದೈತೇನು?"

ಅವಳು ಆಗಲೇ ಶುರು ಮಾಡಿಬಿಟ್ಟಿದ್ದಳು. ಬಿಸಿಯೂಟಕ್ಕೆ ಬರುವ ತತ್ತಿಯಿಂದ ಮರಿ ಯಾಕೆ ಬರುವುದಿಲ್ಲ ಅಂತ ಒಬ್ಬಳು ಕೇಳಿದಳಂತೆ. ಹುಂಜ ಇಲ್ಲದ ಫಾರ್ಮಿನ ತತ್ತಿ ಅದು ಅಂತ ಅಕ್ಕ ಹೇಳುವಷ್ಟರಲ್ಲಿ ನಮ್ಮ ಹುಡುಗನೇ ಹೇಳಿಬಿಟ್ಟನಂತೆ. ಮಾರನೇ ದಿನ ಅವನೇ ಮನೆಯಿಂದ ಕಾವಿಗೆ ಬಂದ ಜವಾರಿ ಕೋಳಿಯನ್ನು ಬುಟ್ಟಿ ಸಮೇತ ತಂದ, ಕೆಳಗೆ ಹನ್ನೊಂದು ತತ್ತಿ. ಶಾಲೆಯ ಹಿಂದಿನ ಹಳೆ ಅಡುಗೆ ಕೋಣೆಯಲ್ಲಿ ಇಟ್ಟಿದ್ದಾರೆ. ಗೋಡೆಗೆ 21 ಚೌಕ ಎಳೆದಿದ್ದಾರೆ, ಇದೊಂದು ನನ್ನ ಮಗಳ ಕೊಡುಗೆ. ಚೌಕದಲ್ಲಿ ದಿನವೂ ಬರೆಯುವ ಕೆಲಸ ಅವನಿಗೇ. ಕೋಳಿ ಎದ್ದದ್ದು ಎಷ್ಟು ಹೊತ್ತಿಗೆ, ವಾಪಸ್ ಕೂತದ್ದು ಎಷ್ಟು ಹೊತ್ತಿಗೆ. ಅಕ್ಕ ಫೋಟೊ ಕಳಿಸಿದ್ದಳು. "ಕೊಳಿ ನಿರು ಕುಡಿತು" ಅಂತ ಇತ್ತು. ದೀರ್ಘ ಎಲ್ಲ ತಪ್ಪು. ಅಕ್ಕ ಕೆಂಪು ಪೆನ್ನು ಮುಟ್ಟಿಸಿರಲಿಲ್ಲ.

ದಿನಕ್ಕೆ ಮೂರು ಸಲ ತತ್ತಿ ಹೊರಳಿಸಬೇಕು ಅಂತ ಮಗಳು ಫೋನಲ್ಲಿ ಅವನಿಗೆ ಹೇಳಿದಳು. "ಕೋಳಿನ ಹೊರಳಸ್ತೈತಿ ಬಿಡ, ಅದಕ್ಕ ಗೊತ್ತೈತಿ" ಅಂದನಂತೆ.

"ಮಷೀನು ಬ್ಯಾಡ ತಮ್ಮಾ" ಅಂದಳು ಅಕ್ಕ. "ರೊಕ್ಕ ಕೊಡಬೇಕಂತ ಮನಸೈತಿ ಅಂದ್ರ ನಳ ಹಾಕ್ಸಿಕೊಡು. ಇರೂದು ಒಂದ ನಳ, ಅದೂ ಊಟದ ಹೊತ್ತಿನ್ಯಾಗ ತಾಟು ತೊಳಿಯಾಕ ಗದ್ದಲ. ಕೋಳಿ ಮುಟ್ಟಿದ ಕೈ ಎಲ್ಲೆ ತೊಳಸ್ಲಿ? ಕುನ್ನಿ ಪರಚಿದ್ರ ಹದಿನೈದು ನಿಮಿಷ ಯಾವ ನೀರಾಗ ತೊಳಸ್ಲಿ?"

ನಾಲ್ಕು ನಳ, ಒಂದು ಸಿಂಟೆಕ್ಸ್ ಟ್ಯಾಂಕು. ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯವರು ಒಪ್ಪಿದ್ದಾರೆ. ಪ್ಲಂಬರ್ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾನೆ. ಮೊದಲು ದೊಡ್ಡವರ ಎತ್ತರಕ್ಕೆ ಗುರುತು ಹಾಕಿದ್ದನಂತೆ, ಅಕ್ಕ ಒಂದನೇ ಕ್ಲಾಸಿನ ಹುಡುಗಿಯನ್ನು ಗೋಡೆಗೆ ನಿಲ್ಲಿಸಿ ಎರಡಡಿ ಕೆಳಗೆ ಇನ್ನೊಂದು ಗುರುತು ಹಾಕಿಸಿದ್ದಾಳೆ.